ಹಿತ್ತಲಿಗೆ ಪಾರಿವಾಳವಲ್ಲದ ಹಕ್ಕಿಗಳೂ ಬರಲಿ

ಮಾನ್ಯ ಸಂಪಾದಕರೇ,

ಬಿಸಿಲು ಏರುತ್ತಿದ್ದಂತೆ ಹುಬ್ಬಳ್ಳಿ-ಧಾರವಾಡದ ಮಾಳಿಗೆಗಳ ಮೇಲೆ ಹಕ್ಕಿಗಳಿಗೆಂದು ನೀರು, ಕಾಳು ಇಡುವವರು ಹೆಚ್ಚುತ್ತಾರೆ. ಬಹಳ ಒಳ್ಳೆಯ ಕೆಲಸ. ಆದರೆ ಎಷ್ಟೋ ಮನೆಗಳಲ್ಲಿ ಪಾರಿವಾಳ, ಕಾಗೆ ಬಿಟ್ಟರೆ ಬೇರೆ ಹಕ್ಕಿ ಇಳಿಯುವುದೇ ಇಲ್ಲ. ಜೋಳ, ಅಕ್ಕಿಯನ್ನು ಬಯಲು ಮಾಳಿಗೆಯ ಮೇಲೆ ಚೆಲ್ಲಿದರೆ ಅದು ಪಾರಿವಾಳಕ್ಕೆ ಹೇಳಿ ಮಾಡಿಸಿದ ಊಟ. ಅವು ಹಿಂಡಾಗಿ ಇಳಿದಲ್ಲಿ ಗುಬ್ಬಿ, ರಾಟವಾಳ (ಮುನಿಯಾ)ಗಳಿಗೆ ಜಾಗ ಉಳಿಯುವುದಿಲ್ಲ. ಮಡಿವಾಳ ಹಕ್ಕಿ, ಸಿಂಪಿಗ (ಟೇಲರ್ ಬರ್ಡ್), ಸೂರಕ್ಕಿ (ಸನ್ ಬರ್ಡ್), ಪಿಕಳಾರ (ಬುಲ್ ಬುಲ್)ಗಳಂತೂ ಕಾಳಿನ ಹಕ್ಕಿಗಳೇ ಅಲ್ಲ. ಅವುಗಳಿಗೆ ಬೇಕಾದದ್ದು ಹುಳ, ಹೂವಿನ ರಸ, ಹಣ್ಣು.

ಗುಬ್ಬಿಗೆ ಕಾಳು ಕೊಡುವುದಾದರೆ ಸಜ್ಜೆ, ನವಣೆಯ ತೆನೆಗಳನ್ನು ಸೂರಿನ ಕೆಳಗೆ ತೆಳ್ಳನೆಯ ದಾರದಿಂದ ತೂಗುಹಾಕಿ. ಗುಬ್ಬಿ, ರಾಟವಾಳ ತೆನೆಗೆ ಜೋತುಬಿದ್ದು ತಿನ್ನುತ್ತವೆ, ಪಾರಿವಾಳಕ್ಕೆ ಅದು ಸಾಧ್ಯವಿಲ್ಲ. ಉಪ್ಪು ಬೆರೆತ ಅನ್ನ, ಒಗ್ಗರಣೆ ಹಾಕಿದ ಚುರಮುರಿ, ಬ್ರೆಡ್ ಖಂಡಿತ ಬೇಡ.

ನೀರಿಗೆ ಆಳವಾದ ಪ್ಲಾಸ್ಟಿಕ್ ಡಬ್ಬಿ ಇಡಬಾರದು. ಅದರ ಅಂಚು ಜಾರುತ್ತದೆ, ಮಧ್ಯಾಹ್ನದೊಳಗೆ ನೀರು ಕಾಯುತ್ತದೆ, ಒಳಗೆ ಬಿದ್ದ ಸಣ್ಣ ಹಕ್ಕಿ ಮೇಲೇಳಲಾರದು. ಹೂಕುಂಡದ ಅಡಿಗೆ ಇಡುವ, ಒಂದಡಿ ಅಗಲದ ಮಣ್ಣಿನ ತಟ್ಟೆ ಸಾಕು. ನೀರು ಒಂದೂವರೆ ಇಂಚಿಗಿಂತ ಹೆಚ್ಚಿರಬಾರದು. ಒಂದು ಬದಿಗೆ ಚಪ್ಪಟೆ ಕಲ್ಲು ಇಟ್ಟರೆ ಸಿಂಪಿಗದಷ್ಟು ಚಿಕ್ಕ ಹಕ್ಕಿಯೂ ಅದರ ಮೇಲೆ ನಿಂತು ಮೀಯುತ್ತದೆ. ಇದಕ್ಕೆ ದಿನಕ್ಕೆ ಬೇಕಾಗುವುದು ಎರಡು-ಮೂರು ಲೀಟರ್. ನಲ್ಲಿ ನೀರು ಹಲವು ದಿನಕ್ಕೊಮ್ಮೆ ಬರುವ ಓಣಿಗಳಲ್ಲೂ ಇದು ಭಾರವಾಗದು, ಹಳೆಯ ನೀರು ಗಿಡಕ್ಕೆ ಹೋಗುತ್ತದೆ. ತಟ್ಟೆಯನ್ನು ತೆಂಗಿನ ನಾರಿನಿಂದ ನಿತ್ಯ ತಿಕ್ಕಬೇಕು, ಸೋಪು ಹಾಕಬಾರದು. ಡೆಂಗಿ ಹರಡುವ ಸೊಳ್ಳೆ ತನ್ನ ಮೊಟ್ಟೆಗಳನ್ನು ನೀರಿನ ಅಂಚಿನ ಗೋಡೆಗೆ ಅಂಟಿಸುವುದರಿಂದ ಬರೀ ನೀರು ಚೆಲ್ಲಿದರೆ ಸಾಲದು. ಇನ್ನು ಬೆಕ್ಕು. ತಟ್ಟೆಯನ್ನು ಪೊದೆಯ ಬುಡದಲ್ಲೇ ಇಟ್ಟರೆ ಅದಕ್ಕೆ ಹೊಂಚುಹಾಕಲು ಅನುಕೂಲ. ಆರೇಳು ಅಡಿ ದೂರ, ಮೇಲೊಂದು ಕೊಂಬೆ ಇರುವ ನೆರಳಿನ ಜಾಗ ಸರಿ.

ಬಗೆಬಗೆಯ ಹಕ್ಕಿ ಬರಬೇಕೆಂದರೆ ನೆಲ ಮತ್ತು ಗಿಡ ಬೇಕು. ಹೊಸ ಬಡಾವಣೆಗಳಲ್ಲಿ ಅಂಗಳ, ಹಿತ್ತಲ ಎರಡಕ್ಕೂ ಪೇವರ್ಸ್ ಹೊದಿಸುತ್ತಿರುವುದು ನೋವಿನ ಸಂಗತಿ. ಹತ್ತಡಿ ಉದ್ದ, ಮೂರಡಿ ಅಗಲದ ಒಂದು ಪಟ್ಟಿ ಮಣ್ಣನ್ನಾದರೂ ಬಿಟ್ಟು, ಉದುರಿದ ಎಲೆಯನ್ನು ಗುಡಿಸಿ ಸುಡದೆ ಅಲ್ಲೇ ಹರವಿ. ಆ ಎಲೆಯಡಿಯ ಹುಳಕ್ಕಾಗಿ ಮಡಿವಾಳ, ಹರಟೆಮಲ್ಲ ಬರುತ್ತವೆ. ಕರಿಬೇವನ್ನು ಒಂದು ಬದಿಗಾದರೂ ಕತ್ತರಿಸದೆ ಹಣ್ಣಾಗಲು ಬಿಟ್ಟರೆ ಪಿಕಳಾರ, ಕೋಗಿಲೆ ಹುಡುಕಿಕೊಂಡು ಬರುತ್ತವೆ. ದಾಸವಾಳ, ನುಗ್ಗೆ, ದಾಳಿಂಬೆ ಹೂವಿಗೆ ಸೂರಕ್ಕಿ. ಗಸಗಸೆ ಹಣ್ಣಿನ ಮರ ನಮ್ಮ ನಾಡಿನದಲ್ಲ, ಆದರೂ ಬೇಗ ಬೆಳೆದು ವರ್ಷದ ಬಹುಕಾಲ ಹಣ್ಣು ಕೊಡುವುದರಿಂದ ಸಣ್ಣ ಹಿತ್ತಲಿಗೆ ಒಪ್ಪುತ್ತದೆ. ಗದಗ, ನವಲಗುಂದದ ಕಡೆಯ ಎರೆ ಭೂಮಿಯವರಿಗೆ ಬೇವೇ ಉತ್ತಮ. ಅತ್ತಿ, ಆಲ ಮಾತ್ರ ಗೋಡೆಯ ಪಕ್ಕ ಬೇಡ, ಬೇರು ಪಾಯ ಒಡೆಯುತ್ತದೆ. ನುಗ್ಗೆಯ ಒಣಗಿದ ಕೊಂಬೆಯಿಂದ ಅಪಾಯವಿಲ್ಲದಿದ್ದರೆ ಕಡಿಯಬೇಡಿ, ಕಂಚುಗಾರ ಹಕ್ಕಿ ಅಂಥ ಮೆತ್ತನೆಯ ಕಟ್ಟಿಗೆಯಲ್ಲೇ ಪೊಟರೆ ಕೊರೆಯುತ್ತದೆ. ಗಿಡಗಳ ನಡುವಿನ ಜೇಡರ ಬಲೆಯೂ ಇರಲಿ. ಸೂರಕ್ಕಿ ಗೂಡು ಹೆಣೆಯುವುದು, ಸಿಂಪಿಗ ಎಲೆ ಹೊಲಿಯುವುದು ಅದರ ಎಳೆಗಳಿಂದ.

ಗಿಡಕ್ಕೆ ಕೀಟನಾಶಕ ಹೊಡೆಯುವ ಹಿತ್ತಲಲ್ಲಿ ಇದಾವುದೂ ಫಲಿಸದು. ಕಾಳು ತಿನ್ನುವ ಗುಬ್ಬಿ ಕೂಡ ಮರಿಗಳಿಗೆ ಮೊದಲ ದಿನಗಳಲ್ಲಿ ಮೆತ್ತನೆಯ ಹುಳಗಳನ್ನೇ ಉಣಿಸುತ್ತದೆ. ಹುಳವಿಲ್ಲದ ಕಡೆ ಎಷ್ಟು ಗೂಡು ತೂಗುಹಾಕಿದರೂ ಮರಿ ಉಳಿಯುವುದಿಲ್ಲ.

ಮಾರ್ಚ್ 20ರ ಗುಬ್ಬಿ ದಿನದಂದು ಹಂಚುವ ರಟ್ಟಿನ ಗೂಡುಗಳು ಮೊದಲ ಮಳೆಗೇ ಕಳಚುತ್ತವೆ. ಅರ್ಧ ಇಂಚು ದಪ್ಪದ, ಬಣ್ಣ ಬಳಿಯದ ಹಲಗೆಯ ಪೆಟ್ಟಿಗೆ ಬಾಳಿಕೆ ಬರುತ್ತದೆ. ಬಾಗಿಲ ತೂತು 32 ಮಿಲಿಮೀಟರ್ ಇದ್ದರೆ ಗುಬ್ಬಿ ಹೋಗುತ್ತದೆ, ಮೈನಾ ಹೋಗಲಾರದು. ತೂತಿನಿಂದ ತಳಕ್ಕೆ ಐದು ಇಂಚು ಅಂತರವಿರಲಿ. ತಳದಲ್ಲಿ ನೀರು ಬಸಿಯಲು ನಾಲ್ಕು ಸಣ್ಣ ತೂತು ಬೇಕು. ಬಾಗಿಲ ಕೆಳಗೆ ಕೂರುವ ಕಡ್ಡಿ ಸಿಕ್ಕಿಸಬೇಡಿ, ಅದು ಮರಿ ಕದಿಯುವ ಕಾಗೆಗೆ ಆಸರೆ. ಎಂಟರಿಂದ ಹತ್ತು ಅಡಿ ಎತ್ತರದಲ್ಲಿ, ಪೂರ್ವ ಇಲ್ಲವೇ ಉತ್ತರಕ್ಕೆ ಮುಖ ಮಾಡಿ ಕಟ್ಟಿ. ನಮ್ಮಲ್ಲಿ ಮುಂಗಾರಿನ ಎರಚಲು, ಇಳಿಹೊತ್ತಿನ ಬಿಸಿಲು ಎರಡೂ ಪಡುವಣದಿಂದಲೇ.

ಮನೆಯ ಹಿತ್ತಲಲ್ಲಿ ನೆಡಲಾಗದ ಅತ್ತಿ, ಹಾಲವಾಣ, ಮುತ್ತುಗಗಳನ್ನು ಮಹಾನಗರ ಪಾಲಿಕೆಯವರು ಉದ್ಯಾನಗಳಲ್ಲಿ ಬೆಳೆಸಬೇಕೆಂದು ವಿನಂತಿ. ಹುಲ್ಲುಹಾಸು ಮತ್ತು ಸಾಲು ಅಶೋಕಕ್ಕಿಂತ ಅವುಗಳಿಗೆ ನೀರಿನ ಖರ್ಚೂ ಕಡಿಮೆ. ಸಸಿ ನೆಡಲು ಜೂನ್ ಮಳೆ ಸಕಾಲ. ಎರಡಡಿ ಉದ್ದ, ಅಗಲ, ಆಳದ ಗುಂಡಿಯನ್ನು ಈಗಲೇ ತೋಡಿ ಬಿಸಿಲಿಗೆ ಬಿಡಬೇಕು.

– ಹವ್ಯಾಸಿ ಪಕ್ಷಿ ವೀಕ್ಷಕರು, ಧಾರವಾಡ