ಟ್ರೇಸ್ ಆನ್ ಮಾಡಿಕೊಟ್ಟವರಿಗೆ

ಸಪೋರ್ಟ್ ಲೈನಿನಲ್ಲಿ ಸಿಕ್ಕ ನಿಮ್ಮ ಹೆಸರು ಕೇಳುವುದಕ್ಕೇ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತಿಂಗಳ ಕೊನೆಯ ಲೆಕ್ಕ ಮುಗಿಸಬೇಕಿತ್ತು. ಕಂಪನಿಯ ವ್ಯವಹಾರ ನೋಡಿಕೊಳ್ಳುವ ಸಾಫ್ಟ್‌ವೇರ್ ಎಸ್‌ಎಪಿಯ ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ಹೋಗಿ, ಅಲ್ಲಿನ ಫಂಕ್ಷನ್ (ಪ್ರೋಗ್ರಾಮಿನ ತುಣುಕು) ಓಡಿಸುವ ಆರ್‌ಎಫ್‌ಸಿ ಕಾಲ್ ವಿಪರೀತ ನಿಧಾನವಾಗಿತ್ತು. ಕಾರಣ ನೋಡೋಣವೆಂದರೆ, ಯಾವುದಕ್ಕೆ ಎಷ್ಟು ಸಮಯ ಹಿಡಿಯಿತೆಂದು ದಾಖಲಿಸುವ ಟ್ರೇಸೇ ಆ ಕಡೆ ಆಫ್. ಆನ್ ಮಾಡುವ ಅನುಮತಿ ನನಗಿರಲಿಲ್ಲ.

ನೀವು ಗಡಿಬಿಡಿ ಮಾಡಲಿಲ್ಲ. "ಕಾಲ್ ಈ ಕಡೆ ಯಾವ ಯೂಸರ್ ಹೆಸರಲ್ಲಿ ಓಡುತ್ತೆ?" ಎಂದು ಮೊದಲು ಕೇಳಿದಿರಿ. ಟ್ರೇಸ್ ಆನ್-ಆಫ್ ಮಾಡುವ ಎಸ್‌ಟಿ05 ಪರದೆ ತೆರೆದು, ಆ ಒಬ್ಬ ಯೂಸರ್‌ಗೆ ಮಾತ್ರ, ಕಾಲ್ ಬಂದು ತಲುಪುವ ಸರ್ವರ್‌ನಲ್ಲೇ ಆರ್‌ಎಫ್‌ಸಿ ಟ್ರೇಸ್ ಆನ್ ಮಾಡಿದಿರಿ. ನಾನು ಮತ್ತೆ ಓಡಿಸಿ ನೋಡುವವರೆಗೂ ಲೈನಿನಲ್ಲೇ ಕಾದಿರಿ. ಸಮಯ ತಿನ್ನುತ್ತಿದ್ದ ಫಂಕ್ಷನ್ ಪಟ್ಟಿಯಲ್ಲಿ ಕಂಡಾಗ ಹೋದ ಜೀವ ಬಂದಂತಾಯಿತು!

"ಟ್ರೇಸ್ ಆಫ್ ಮಾಡ್ತೀನಿ, ಸುಮ್ನೆ ಸಿಸ್ಟಮ್‌ಗೆ ಹೊರೆ ಬೇಡ" ಎಂದು ಅದನ್ನೂ ನೀವೇ ಮುಗಿಸಿದಿರಿ. ತುಂಬಾ ಧನ್ಯವಾದ.