ಹಾಳೆ ತಟ್ಟೆಯ ಪುಟ್ಟಿಗೆ ದೊಡ್ಡಮ್ಮನ ಪತ್ರ

ತೀರ್ಥಹಳ್ಳಿ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸಾಗರಕ್ಕೆ ಬಂದು ನಿನ್ನ ಅಡಿಕೆ ಹಾಳೆ ತಟ್ಟೆಯ ಘಟಕ ನೋಡಿದ ದಿನದಿಂದ ಒಂದು ಮಾತು ಕೊರೆಯುತ್ತಿದೆ. ಗುತ್ತಿಗೆದಾರರೊಬ್ಬರು ‘ನಿಮ್ಮ ಹೆಸರಿನಲ್ಲಿ ಟೆಂಡರ್ ಹಾಕೋಣ, ಮಾಲು ನಾನು ತರಿಸುತ್ತೇನೆ, ನಿಮಗೆ ಕಮಿಷನ್’ ಎಂದರಂತಲ್ಲ, ಒಪ್ಪಬೇಡ. ಕೇಂದ್ರ ಸರ್ಕಾರದ ಇಲಾಖೆಗಳು ಮತ್ತು ಉದ್ದಿಮೆಗಳು ವರ್ಷದ ಖರೀದಿಯಲ್ಲಿ ಶೇ 25ರಷ್ಟನ್ನು ಕಿರು ಮತ್ತು ಸಣ್ಣ ಉದ್ದಿಮೆಗಳಿಂದ, ಅದರೊಳಗೆ ಶೇ 3ರಷ್ಟನ್ನು ಮಹಿಳೆಯರ ಉದ್ದಿಮೆಗಳಿಂದ ಕೊಳ್ಳಬೇಕೆಂಬ ನಿಯಮ ಬಂದಿರುವುದು ಬೆಳಗಿನಿಂದ ಬಿಸಿ ಅಚ್ಚಿನ ಮುಂದೆ ನಿಲ್ಲುವ ನಿನ್ನಂಥವರಿಗಾಗಿ. ಎಲ್ಲಿಂದಲೋ ಕೊಂಡು ತಂದು ಮಾರುವ ವ್ಯಾಪಾರಕ್ಕೆ ಆ ಸೌಲಭ್ಯವಿಲ್ಲ. ನಾಳೆ ತನಿಖೆಯಾದರೆ ಕಾಗದದ ಮೇಲಿರುವುದು ನಿನ್ನ ಸಹಿ.

ನೀನೇ ನೇರವಾಗಿ ಹೋಗು. ಉದ್ದಿಮೆಯನ್ನು ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಯಾರಾದರೂ ದುಡ್ಡು ಕೇಳಿದರೆ ಎದ್ದು ಬಾ. ನಿನ್ನ ಯಜಮಾನರನ್ನು ಪಾಲುದಾರರಾಗಿ ಸೇರಿಸಿಕೊಳ್ಳುವುದಾದರೆ ಕನಿಷ್ಠ ಶೇ 51 ಪಾಲು ನಿನ್ನದೇ ಇರಬೇಕು. ಆಮೇಲೆ ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆ, ಜೆಮ್ ಪೋರ್ಟಲ್. ಈ ನಿಯಮದಡಿ ಟೆಂಡರ್ ಪತ್ರ ಉಚಿತ, ಇಎಂಡಿ ಎನ್ನುವ ಮುಂಗಡ ಠೇವಣಿ ಇಡಬೇಕಾಗಿಲ್ಲ. ಆದರೆ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಆರ್ಡರ್ ಮನೆಗೆ ಬರುವುದಿಲ್ಲ. ದರ ನಮೂದಿಸುವ ಮುಂಚೆ ಹಾಳೆಯ ಬೆಲೆ, ಕೂಲಿ, ಕರೆಂಟು, ಲಾರಿ ಬಾಡಿಗೆ ಎಲ್ಲವನ್ನೂ ಕೂಡಿಸಿ ನೋಡು. ಆರ್ಡರ್ ಸಿಗಲಿ ಎಂದು ನಷ್ಟಕ್ಕೆ ಇಳಿಯಬೇಡ.

ಇನ್ನೊಂದು ವಿಷಯ, ನಾನು ಪೆಟ್ಟು ತಿಂದದ್ದು. ಒಂದು ಸಂಸ್ಥೆಗೆ ತಟ್ಟೆ ಕಳಿಸಿದ್ದೆ. ಜಡಿಮಳೆಯಲ್ಲಿ ಕಟ್ಟುಗಳನ್ನು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಬಸ್ಸು ಹಿಡಿದೆ, ಮಾಲು ಒಪ್ಪಿಸಿದ ಚಲನ್ ಮೇಲೆ ಸಹಿ ಹಾಕಿಸಿಕೊಳ್ಳಲಿಲ್ಲ. ದುಡ್ಡು ಕೇಳಲು ಹೋದರೆ ‘ಮಾಲು ಬಂದದ್ದಕ್ಕೆ ದಾಖಲೆ ಎಲ್ಲಿ?’ ಎಂದರು. ಎಂಟು ತಿಂಗಳು ಅಲೆದೆ. ನೀನು ತಾರೀಖು, ಸಹಿ, ಸೀಲು ಮೂರೂ ಇಲ್ಲದೆ ಅಲ್ಲಿಂದ ಕಾಲು ತೆಗೆಯಬೇಡ. ಕಿರು, ಸಣ್ಣ, ಮಧ್ಯಮ ಉದ್ದಿಮೆಗಳ 2006ರ ಎಂಎಸ್ಎಂಇ ಕಾಯ್ದೆಯ ಪ್ರಕಾರ ಮಾಲು ತಲುಪಿದ 15 ದಿನದೊಳಗೆ ಅವರು ಬರಹದಲ್ಲಿ ತಕರಾರು ತೆಗೆಯದಿದ್ದರೆ ಒಪ್ಪಿಕೊಂಡಂತೆಯೇ. ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನಕ್ಕಿಂತ ಹೆಚ್ಚು ಬಾಕಿ ಇಡುವಂತಿಲ್ಲ. ಇಟ್ಟರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಬಾಕಿಯ ಬಗ್ಗೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಅದಕ್ಕೂ ಉದ್ಯಮ್ ಸಂಖ್ಯೆ ಬೇಕು.

ಮೊದಲ ಆರ್ಡರ್ ಸಣ್ಣದಿರಲಿ, ಅದೂ ಬೇಸಿಗೆಯದಿರಲಿ. ಮಳೆಗಾಲದ ತಟ್ಟೆ ಮುಟ್ಟಿದರೆ ಒಣಗಿದಂತಿರುತ್ತದೆ, ನಾಲ್ಕು ದಿನಕ್ಕೆ ಅಂಚಿನಲ್ಲಿ ಬೂಷ್ಟು ಬರುತ್ತದೆ. ಹಬ್ಬಕ್ಕೆ ಬರುವಾಗ ಕಾಗದಗಳನ್ನೆಲ್ಲ ತಾ, ಜಗಲಿಯಲ್ಲಿ ಕುಳಿತು ಒಟ್ಟಿಗೆ ನೋಡೋಣ.

ನಿನ್ನ ದೊಡ್ಡಮ್ಮ