ಹತ್ತನೇ ಕ್ಲಾಸಿನ ಟೀಚರಮ್ಮನಿಗೆ

ಮಗಳೇ,

ಹತ್ತನೇ ತರಗತಿಯ ಕ್ಲಾಸ್ ಟೀಚರ್ ಕೆಲಸ ನಿನ್ನ ಹೆಗಲಿಗೇ ಬಿತ್ತು ಅಂದೆಯಲ್ಲ, ಅದಕ್ಕೇ ಈ ಕಾಗದ. ಮಗುವಿನ ಮನಸ್ಸು ಸರಿಯಿಲ್ಲವೆನಿಸಿದರೆ ನೀನು ಗಮನಿಸಿ, ಕೇಳಿ, ತಿಳಿದವರ ಕೈಗೆ ಒಪ್ಪಿಸಬೇಕು, ಅಷ್ಟೆ. ಚಿಕಿತ್ಸೆಯನ್ನೂ ತಾವೇ ಮಾಡಲು ಹೊರಟ ಟೀಚರುಗಳು ವರ್ಷ ತುಂಬುವುದರೊಳಗೆ ಸೋತುಹೋಗುತ್ತಾರೆ.

ಹಾಜರಿ ಪುಸ್ತಕ ಚೆನ್ನಾಗಿ ಮಾತಾಡುತ್ತದೆ. ಸೋಮವಾರಗಳಲ್ಲೇ ತಪ್ಪಿಸುವವಳು, ಟೆಸ್ಟ್ ದಿನವೇ ಹೊಟ್ಟೆನೋವು ಬರುವವನು ಅದರಲ್ಲೇ ಸಿಗುತ್ತಾರೆ. ಬಿಸಿಯೂಟದ ತಟ್ಟೆ ನೋಡು. ಬಿಸಿಲಲ್ಲೂ ಇದ್ದಕ್ಕಿದ್ದಂತೆ ತುಂಬುತೋಳು ತೊಟ್ಟರೆ, ಕೈಮೇಲೆ ಗಾಯ ಮಾಡಿಕೊಂಡಿರಬಹುದೇ ಎಂದು ಯೋಚಿಸು. ಒಂದು ದಿನದ ಮುನಿಸು ಎಲ್ಲರಿಗೂ ಇದ್ದದ್ದೇ; ಎರಡು ವಾರ ಹಾಗೇ ಉಳಿದರೆ ಕೇಳಲೇಬೇಕು. ಗಾಯ ಕಂಡರೆ ಮಾತ್ರ ಅಂದೇ.

ಸ್ಟಾಫ್ ರೂಮಿಗೆ ಕರೆಸಿ ಕೇಳಬೇಡ, ಅಲ್ಲಿ ಯಾವ ಮಗುವೂ ಬಾಯಿ ಬಿಡುವುದಿಲ್ಲ. ಎಲ್ಲರ ಕಣ್ಣಿಗೆ ಬೀಳುವ, ಆದರೆ ಮಾತು ಕೇಳಿಸದ ಜಾಗ ಹುಡುಕು. ಕಂಡದ್ದನ್ನಷ್ಟೇ ಹೇಳು: 'ಎರಡು ವಾರದಿಂದ ಊಟ ಬಿಡ್ತಿದ್ದೀಯ, ಏನಾಯ್ತು?' ಆಮೇಲೆ ಮನಸ್ಸಿನಲ್ಲೇ ಹತ್ತು ಎಣಿಸು. ಆ ಮೌನ ತಡೆಯಲಾರದೆ ನಾವು ಬುದ್ಧಿವಾದ ಶುರು ಮಾಡುತ್ತೇವೆ, ಮಾತು ಅಲ್ಲೇ ಕೆಟ್ಟುಹೋಗುತ್ತದೆ. 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬೇಡ, ಉಳಿಸಿಕೊಳ್ಳಲಾಗದು.

ಸಾಯುವ ಮಾತು ಬಂದರೆ ನೇರವಾಗಿ ಕೇಳು: 'ಸಾಯಬೇಕು ಅನ್ನಿಸ್ತಿದ್ಯಾ?' ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡಬೇಡ. ಮುಖ್ಯ ಶಿಕ್ಷಕರಿಗೆ ತಿಳಿಸು, ಮನೆಯವರನ್ನು ಕರೆಸು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ಫೋನ್ ಮಾಡು: 14416. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರನ್ನು ಕರೆಸಿದಾಗ ದೂರಿನ ಧಾಟಿ ಬೇಡ, ಮಗುವಿಗೆ ಮನೆಯಲ್ಲಿ ಏಟು ಬೀಳುತ್ತದೆ. ತೊಂದರೆ ಮನೆಯದ್ದೇ ಆಗಿದ್ದರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ, 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸದೆ ಸುಮ್ಮನಿರುವುದೇ ಅಪರಾಧ. 'ಶಾಲೆಯ ಮರ್ಯಾದೆ' ಎಂದು ಯಾರು ತಡೆದರೂ ನಿಲ್ಲಬೇಡ.

ಪರೀಕ್ಷೆಯ ಭಯಕ್ಕೆ ಒಂದು ಸಣ್ಣ ಅಭ್ಯಾಸ. ಹಾಜರಿಯ ನಂತರ ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ. ಆರು ಸಲ ಮಾಡಿದರೆ ಒಂದು ನಿಮಿಷ. ಉಸಿರು ನಿಧಾನವಾಗಿ ಬಿಟ್ಟರೆ ಎದೆಬಡಿತ ಇಳಿಯುತ್ತದೆ. ಉತ್ಸಾಹದಲ್ಲಿ ದೊಡ್ಡದಾಗಿ ಎಳೆಯುವ ಹುಡುಗರಿಗೆ ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಮೆಲ್ಲಗೆ ಎನ್ನು. ಪರೀಕ್ಷೆಯ ದಿನ ಹೊಸದಾಗಿ ಕಲಿಸಿದರೆ ಪ್ರಯೋಜನವಿಲ್ಲ, ಈಗಲೇ ಶುರು ಮಾಡು. 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿವೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಇದನ್ನು ಫಲಿತಾಂಶದ ಹಿಂದಿನ ದಿನ ಮಕ್ಕಳಿಗೆ ಮತ್ತೊಮ್ಮೆ ಹೇಳು, ತಂದೆತಾಯಿಗಳಿಗೆ ಎರಡು ಸಲ ಹೇಳು.

ಇನ್ನು ನೀನು. ಪಾಠಕ್ಕಿಂತ ಆನ್‌ಲೈನ್ ಎಂಟ್ರಿ, ಮೊಟ್ಟೆ-ಹಾಲಿನ ಲೆಕ್ಕವೇ ಟೀಚರನ್ನು ಹೆಚ್ಚು ಹಿಂಡುತ್ತವೆ. ಪೋಷಕರ ವಾಟ್ಸಾಪ್ ಗುಂಪಿಗೆ ಏಳು ಗಂಟೆಯ ಮೇಲೆ ಉತ್ತರಿಸಬೇಡ. ಮೊದಲ ವಾರವೇ ಹೇಳಿಬಿಡು, ಆಮೇಲೆ ಹೇಳಿದರೆ ಸಿಟ್ಟು ಮಾಡಿಕೊಳ್ಳುತ್ತಾರೆ. ಮಕ್ಕಳ ಕಷ್ಟ ಕೇಳಿದ ದಿನ ಒಬ್ಬರ ಹತ್ತಿರವಾದರೂ, ಮಗುವಿನ ಹೆಸರು ಹೇಳದೆ, ಮಾತಾಡು. ಎರಡು ವಾರ ನಿದ್ದೆ ಬಾರದಿದ್ದರೆ, ಸುಮ್ಮಸುಮ್ಮನೆ ಮಕ್ಕಳ ಮೇಲೆ ರೇಗುತ್ತಿದ್ದರೆ, ಆ 14416 ನಿನಗೂ ಇದೆ.

ಶನಿವಾರ ಅರ್ಧ ದಿನವಲ್ಲವೇ, ಊಟಕ್ಕೆ ಬಾ. ಉತ್ತರಪತ್ರಿಕೆಯ ಕಟ್ಟು ತರಬೇಡ.

ನಿನ್ನ
ಅಮ್ಮ